ಬಿಳಿ ಡಬ್ಬಿಯ ಸಾಸಿವೆ ತೂತು

ಬಣ್ಣದ ಮಾವನ ಎದುರು ಬಾಯಿ ತೆರೆದು ಆಕಳಿಸಲು ಊರಿನವರು ಹೆದರುತ್ತಿದ್ದರು. ತೆರೆದದ್ದೇನು ಕಂಡರೂ ಗೋಡೆಯ ಬಿರುಕಿಗೆ ತುಂಬುವ ಪುಟ್ಟಿ ಮೆತ್ತಿಬಿಡುತ್ತಾನೆಂಬ ಭಯ. ಗೋಡೆಗೆ ಬಣ್ಣ ಬಳಿಯುವುದು ಅವನ ಕಸುಬು, ತೂತು ಮುಚ್ಚುವುದು ಚಟ. ಅವನು ಕೆಲಸ ಮುಗಿಸಿದ ಮನೆಗಳಲ್ಲಿ ಇಲಿಗಳು ಮರ್ಯಾದೆಯಾಗಿ ಮುಂಬಾಗಿಲಿನಿಂದಲೇ ಓಡಾಡುತ್ತಿದ್ದವಂತೆ.

ಈ ಮಹಾಶಯನಿಗೆ ಹಾಸ್ಟೆಲಿನ ಹೊರಗೋಡೆಯ ಕೆಲಸ ಕೊಡಿಸಿದವಳು ಅವನ ಅಕ್ಕನ ಮಗಳು. ಅಲ್ಲಿನ ಆಫೀಸಿನಲ್ಲೇ ಅವಳಿಗೆ ಕೆಲಸ. ಅಂದು ಮಧ್ಯಾಹ್ನ ಅವಳಿಗೆ ವಾರ್ಡನ್ ಹುದ್ದೆಯ ಸಂದರ್ಶನವಿತ್ತು, ಕಂಪ್ಯೂಟರಿನಲ್ಲಿ ಮುಖ ನೋಡಿ ಮಾತಾಡುವಂಥದ್ದು. ಮೊಬೈಲ್ ಸಿಗ್ನಲ್ ಆ ಕಟ್ಟಡದ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ.

"ಮಾವ, ಸೂರಿನ ಕೆಳಗಿರೋ ಬಿಳಿ ಡಬ್ಬಿ ವೈಫೈದು. ಅದಕ್ಕೆ ಬಣ್ಣ ತಾಗಿಸಬೇಡಿ."

"ಒಂದು ಹನಿ ತಾಗಿಸಲ್ಲ ಕಣಮ್ಮ."

ಮಾತು ಉಳಿಸಿಕೊಂಡ. ಆದರೆ ಏಣಿ ಹತ್ತಿದವನು ಡಬ್ಬಿಯನ್ನು ನೋಡದೆ ಇರಬೇಕಲ್ಲ! ಮುಂದೆ ಪುಟ್ಟ ಹಸಿರು ದೀಪ. ಕೆಳಹೊಟ್ಟೆಯಲ್ಲಿ ಎರಡು ಬಾಯಿ, ಒಂದಕ್ಕೆ ತಂತಿ, ಇನ್ನೊಂದಕ್ಕೆ ರಬ್ಬರ್ ಮುಚ್ಚಳ. ಅವುಗಳ ನಡುವೆ ಸಾಸಿವೆಯಷ್ಟು ತೂತು, ಹೇಳುವವರು ಕೇಳುವವರು ಇಲ್ಲದೆ ಬೆತ್ತಲೆ ನಿಂತಿತ್ತು. ಯಾವನೋ ಕೆಲಸಗಳ್ಳ ಅರ್ಧಕ್ಕೆ ಬಿಟ್ಟುಹೋಗಿದ್ದಾನೆಂದು ಮಾವನಿಗೆ ಕರುಳು ಚುರುಕ್ಕೆಂದಿತು. ಚಿಟಿಕೆ ಪುಟ್ಟಿ ಮೆತ್ತಿ, ಅದು ಒಳಗಿಳಿಯಲೆಂದು ಬೆಂಕಿಕಡ್ಡಿಯಿಂದ ಅದುಮಿದ. 'ಟಿಕ್' ಎಂದಿತು. ಕಡ್ಡಿ ಮುರಿದು ಒಳಗೇ ಉಳಿಯಿತು. ಇನ್ನೂ ಭದ್ರವಾಯಿತೆಂದು ಮೇಲೆ ಸವರಿದ.

ಹಸಿರು ಹೋಗಿ ಬೇರೇನೋ ಮಿಟುಕತೊಡಗಿತು.

"ಮಾವಾ! ನೆಟ್ ಹೋಯ್ತು!" ಕಿಟಕಿಯಲ್ಲಿ ಸೋದರಸೊಸೆಯ ಮುಖ. "ಇನ್ನೇನು ಅವರು ಕರೀತಾರೆ. ಏನು ಮಾಡಿದ್ರಿ?"

"ಬಣ್ಣ ತಾಗಿಸಿಲ್ಲ!"

ಅವಳು ಆಫೀಸಿನ ಹಳೇ ಫೋನಿನಿಂದ ನೆಟ್‌ವರ್ಕಿನವನನ್ನು ಹಿಡಿದು, ರಿಸೀವರನ್ನು ಕಿಟಕಿಯಾಚೆ ಚಾಚಿದಳು.

"ಅಣ್ಣಾ, ದೀಪ ಯಾವ ಬಣ್ಣ?"

ಕೇಳಬಾರದವನನ್ನು ಕೇಳಿದ್ದ. "ಕಿತ್ತಳೆ ಅನ್ನೋಕಾಗಲ್ಲಪ್ಪ. ಕಿತ್ತಳೆಗೆ ಒಂದು ಚಮಚ ಕಾವಿ ಬೆರೆಸಿ, ಒಂದು ಕೈ ಬಳಿದು, ಎರಡನೇ ಕೈಗೆ ಮೊದಲು..."

"ಹಸಿರಲ್ಲ ತಾನೇ? ಕೆಳಗಿನ ಸಣ್ಣ ತೂತು ಮುಟ್ಟಿದ್ರಾ?"

"ಮುಟ್ಟಿಲ್ಲ, ಮುಚ್ಚಿದೀನಿ."

ಅತ್ತ ಕಡೆಯವನು ಕೂಗಿಕೊಂಡ. "ಅದರೊಳಗೆ ಗುಂಡಿ ಇದೆ. ಒತ್ತಿ ಹಿಡಿದ್ರೆ ಡಬ್ಬಿ ಕಲಿತಿದ್ದೆಲ್ಲ ಮರೆಯುತ್ತೆ. ಬಿಟ್ರೆ ತಂತಿಯಲ್ಲಿ ನಮ್ಮನ್ನ ಕೇಳಿ ಮತ್ತೆ ಕಲಿಯುತ್ತೆ. ನೀವು ಬಿಟ್ಟೇ ಇಲ್ಲ! ಮೊದಲು ಅದನ್ನ ತೆಗೀರಿ."

ಮಾವ ಹುಟ್ಟಿದಾಗಿನಿಂದ ಮುಚ್ಚಿದ್ದನ್ನು ತೆಗೆದವನಲ್ಲ. ಸೊಸೆ ಕೂದಲ ಪಿನ್ನು ಕಿತ್ತುಕೊಟ್ಟಳು. ಸ್ವಂತ ಕೆಲಸವನ್ನೇ ಕೆಡಿಸುವ ಸಂಕಟ ನುಂಗಿ ಕೆದಕಿದ. ಪುಟ್ಟಿ ಉದುರಿತು, ಕಡ್ಡಿ ಬಂತು, ಗುಂಡಿ ಮೇಲೆದ್ದಿತು. ದೀಪ ಆರಿತು. ಕೆಂಪಾಯಿತು. ಮಿಟುಕಿತು. ಮಾವ ಉಸಿರು ಬಿಗಿಹಿಡಿದು ನಿಂತ ರಭಸಕ್ಕೆ ಏಣಿಯೂ ಅಲುಗುವುದನ್ನು ಮರೆಯಿತು.

ಹಸಿರು!

"ನಮಸ್ಕಾರ ಮೇಡಂ, ಕೇಳಿಸ್ತಾ ಇದೆ," ಒಳಗಿನಿಂದ ಸೊಸೆಯ ದನಿ.

ಮಾವ ಮೆಲ್ಲಗೆ ಏಣಿ ಸರಿಸಿದ. ಮುಂದೆ ಗೋಡೆಯಲ್ಲೊಂದು ಹಳೇ ಮೊಳೆಯ ತೂತು. ಅಭ್ಯಾಸಬಲದಿಂದ ಕೈ ಎದ್ದಿತು, ಅರ್ಧದಲ್ಲಿ ನಿಂತಿತು. ಕರಣೆಯ ಹಿಡಿಯಿಂದ ಪಕ್ಕದಲ್ಲಿ ಮೆತ್ತಗೆ ತಟ್ಟಿ, ಸಂದರ್ಶನಕ್ಕೆ ತೊಂದರೆಯಾಗದಂತೆ ಪಿಸುಗುಟ್ಟಿದ:

"ಒಳಗೆ ಯಾರಾದ್ರೂ ಇದ್ದೀರೇನ್ರಪ್ಪಾ?"