ಭಜನೆಯ ಮನೆಯಲ್ಲಿ ಹಂದಿಯ ಮೂಳೆ

ಪರ್ತ್, ಬ್ರಿಸ್ಬೇನ್ ಮುಗಿಸಿ ನಾವು ಅಡಿಲೇಡಿಗೆ ಬಂದದ್ದು ಎಂಬತ್ತರ ದಶಕದ ಆರಂಭದಲ್ಲಿ. ಡಾಕ್ಟರಾದ ನಮ್ಮವರು ಕೆಲಸದ ಆಸ್ಪತ್ರೆ ಬದಲಿಸಿದಾಗಲೆಲ್ಲ ನಾನು ಒಗ್ಗರಣೆ ಡಬ್ಬಿ ಹೊತ್ತುಕೊಂಡು ಹೊರಟವಳು. ಮಗಳಿಗೆ ಅದು ಶಾಲೆಯ ಕೊನೆಯ ವರ್ಷ. ಇಂಗ್ಲಿಷ್ ಸಾಹಿತ್ಯ ಓದುತ್ತೇನೆ ಎಂದು ಅವಳು, ಮೆಡಿಸಿನ್ನೇ ಓದಬೇಕು ಎಂದು ಅವಳಪ್ಪ. ಇಬ್ಬರ ನಡುವೆ ಮಾತು ನಿಂತುಹೋಗಿತ್ತು.

ಊರಿನ ಪ್ರಾಸ್ಪೆಕ್ಟ್ ಬಡಾವಣೆಯಲ್ಲಿ ಹಿರಿಯ ಡಾಕ್ಟರೊಬ್ಬರ ಮನೆಯಲ್ಲಿ ಶನಿವಾರದ ಭಜನೆ. ಮಂಗಳಾರತಿಗೆ ಮುಂಚೆ ಮಕ್ಕಳಲ್ಲಿ ಒಬ್ಬರು ನೀತಿಕಥೆ ಹೇಳುವುದು ಪದ್ಧತಿ. ಮಗಳು ಶಾಲೆಯಲ್ಲಿ ಓದುತ್ತಿದ್ದ ಹಳೇ ಕಾಲದ ಇಂಗ್ಲಿಷ್ ಪುಸ್ತಕದಲ್ಲಿ ಯಾತ್ರಿಕರು ದಾರಿಯುದ್ದಕ್ಕೂ ಕಥೆ ಹೇಳುತ್ತಾರಂತೆ. ನಮ್ಮ ಕಾಶಿಯಾತ್ರೆಯ ಹಾಗೇ ಇರಬೇಕು, ಕೇಳಿದರೆ ಇವರೂ ಮೆತ್ತಗಾದಾರು ಎಂದುಕೊಂಡು ಈ ಸಲ ಕಥೆ ಇವಳದು ಎಂದು ಅವಳ ಪರವಾಗಿ ನಾನೇ ಒಪ್ಪಿಕೊಂಡೆ.

"ಅಮ್ಮಾ, ಇಟ್ಸ್ ನಾಟ್ ದಟ್ ಕೈಂಡ್ ಆಫ್ ಸ್ಟೋರಿ."

"ಯಾತ್ರೆ ಅಂದ್ಮೇಲೆ ಯಾತ್ರೆ. ಸುಮ್ನೆ ಹೇಳೇ."

ಹೇಳಿದಳು. ಯಾತ್ರಿಕರ ಜೊತೆ ಒಬ್ಬ ಕ್ರೈಸ್ತ ಧರ್ಮಬೋಧಕ. ಹಂದಿಯ ಮೂಳೆಯನ್ನು ಪವಾಡ ಮಾಡುವ ಸಂತರ ಮೂಳೆ ಎಂದು ಮಾರುವವನು. ಆಸೆಯೇ ಪಾಪದ ಮೂಲ ಎಂದು ಊರೂರಲ್ಲಿ ಬೋಧಿಸಿ ಜೇಬು ತುಂಬಿಕೊಳ್ಳುವವನು. ಆ ಮೋಸವನ್ನೆಲ್ಲ ತಾನೇ ಜೊತೆಯವರೆದುರು ಬಿಚ್ಚಿಟ್ಟು, ಒಂದು ನೀತಿಕಥೆಯನ್ನೂ ಹೇಳಿ, ಕೊನೆಗೆ ಅವರಿಗೇ ಮಾರಲು ಮೂಳೆಯ ಚೀಲ ಬಿಚ್ಚುತ್ತಾನೆ! ಮಗಳದು ತೊದಲು ಕನ್ನಡ, ನಯದ ಮಾತು ಗೊತ್ತಿಲ್ಲ. ದೇವರ ಪಟದ ಮುಂದೆ ನಿಂತು "ಹಂದಿ ಮೂಳೆ, ಹಂದಿ ಮೂಳೆ" ಎನ್ನುತ್ತಿದ್ದಳು. ನನ್ನ ಕೈಯಲ್ಲಿದ್ದ ತಾಳ ಜಾರಿ ಠಣ್ಣೆಂದಿತು.

ಮನೆಯ ಯಜಮಾನರು ಪ್ರತಿವಾರ ಆಸೆ ಬಿಡುವುದರ ಬಗ್ಗೆ ಉಪದೇಶ ಮಾಡುವವರು. ಮುಖ ಕೆಂಪಾಗಿತ್ತು. "ಏನಮ್ಮ ಇದು? ಯಾರಿಗೆ ಹೇಳ್ತಿದ್ದೀಯ?"

"ಎವ್ರಿಬಡಿ, ಅಂಕಲ್," ಎಂದಳು, ಪಾಪ, ಹೆದರಿಕೊಂಡೇ.

ಆಗ ಭಜನೆಗೆ ತಪ್ಪದೆ ಬರುತ್ತಿದ್ದ ಮಂಗಳೂರಿನ ಕ್ರೈಸ್ತ ಆಂಟಿ, ಇವಳ ಕಥೆಯಿಂದ ಮನಸ್ಸು ನೊಂದಿರಬೇಕೆಂದು ನಾನು ಯಾರ ಕಡೆ ತಿರುಗಿಯೂ ನೋಡಿರಲಿಲ್ಲವೋ ಅವರೇ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಲುಕುಲು ನಕ್ಕುಬಿಟ್ಟರು. "ಇಂಥವರು ನಮ್ಮಲ್ಲೂ ಇದ್ದಾರೆ ಮಾರಾಯ್ರೇ, ನಿಮ್ಮಲ್ಲೂ ಇದ್ದಾರೆ. ಆರತಿ ಎತ್ತಿ!"

ಪ್ರಸಾದ ಕಟ್ಟಿಸಿಕೊಂಡು ಹೊರಟೆವು. ಕಾರಿನಲ್ಲಿ ಇವರು ಬೈಗುಳ ಶುರುಮಾಡುವುದನ್ನೇ ಕಾಯುತ್ತ ಕೂತೆ. ಇನ್ನು ಅವಳ ಸಾಹಿತ್ಯದ ಕಥೆ ಮುಗಿದಂತೆಯೇ. ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಇವರು ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿದರು.

"ಆಮೇಲೆ? ಅವನ ಹತ್ರ ಯಾರಾದ್ರೂ ತಗೊಂಡ್ರಾ?"

ಮಗಳು ಮುಂದಕ್ಕೆ ಬಾಗಿದಳು. ಮನೆ ಬರುವವರೆಗೂ ಹೇಳುತ್ತಲೇ ಇದ್ದಳು. ಮನೆ ಬಂದ ಮೇಲೂ ಇವರು ಎಂಜಿನ್ ಆರಿಸಲಿಲ್ಲ.