ಮರಳಿಗೆ ಮೂಗಿಟ್ಟ ಅಜ್ಜಿ

ನೌಕಾಪಡೆಯಲ್ಲಿ ವೇಗಕ್ಕೆ ಹೆಸರಾದ ಹಡಗುಗಳಿವೆ, ತೋಪುಗಳಿಗೆ ಹೆಸರಾದವಿವೆ, ಬರಿಯ ಬಣ್ಣಕ್ಕೆ ಹೆಸರಾದವೂ ಇಲ್ಲದಿಲ್ಲ. ದಡ ಕಂಡರೆ ಅವೆಲ್ಲ ಮಾರು ದೂರ ನಿಲ್ಲುತ್ತವೆ. ದಡವನ್ನೇ ಹುಡುಕಿಕೊಂಡು ಹೋಗಿ, ಮರಳಿಗೆ ಮೂಗಿಟ್ಟು, ಬಾಯಿ ತೆರೆದು, ಹೊಟ್ಟೆಯಲ್ಲಿದ್ದುದನ್ನೆಲ್ಲ ನೆಲಕ್ಕೆ ಒಪ್ಪಿಸಿ ಬರುವ ಕುಲವೊಂದಿದೆ. ನಮ್ಮ ಫಿಲಿಪೀನ್ಸ್ ದ್ವೀಪಗಳಲ್ಲಿ ಆ ಕುಲದ ಹಿರಿಯರು ಪೂಜ್ಯ ‘ಕಲಿನಾವ್’ ಅವರು. ಹುಟ್ಟಿದ್ದು ಯುದ್ಧಕ್ಕಾಗಿ, ನಾವಿಟ್ಟ ಹೆಸರಿನ ಅರ್ಥ ಶಾಂತಿ. ಅವರ ಹೊಟ್ಟೆಯಲ್ಲಿ ಬಾಳಿದ ನಾವು ನಾವಿಕರು ಮಾತ್ರ ಅವರನ್ನು ಲೋಲಾ ಎಂದೇ ಕರೆದೆವು, ಅಜ್ಜಿ ಎಂದು.

ಮನುಷ್ಯರು ನಿವೃತ್ತರಾದರೆ ಮನೆಗೆ ಹೋಗುತ್ತಾರೆ. ಹಡಗು ನಿವೃತ್ತವಾದರೆ ಗುಜರಿಯವನ ಕೈಗೆ ಹೋಗುತ್ತದೆ. ಅಜ್ಜಿಯವರನ್ನು ಕತ್ತರಿಸಿ ತೂಕಕ್ಕೆ ಹಾಕುತ್ತಾರೋ, ಎಲ್ಲಿಯಾದರೂ ಒಂದು ಜಾಗ ಕೊಡುತ್ತಾರೋ ಎಂಬ ಚಿಂತೆ ಈ ಅಭಿನಂದನ ಗ್ರಂಥವನ್ನು ತರುತ್ತಿರುವ ಹಳೆಯ ಸಿಬ್ಬಂದಿಯ ನಿದ್ದೆಯನ್ನು ವರ್ಷವಿಡೀ ಕೆಡಿಸಿತ್ತು. ಅಜ್ಜಿಯವರ ಎಂಜಿನ್ ಕೋಣೆಯಲ್ಲಿ ಪಂಪುಗಳನ್ನು ನೋಡಿಕೊಂಡಿದ್ದ ನನಗೆ ಎರಡು ಮಾತು ಬರೆಯಲು ಹೇಳಿದ್ದಾರೆ. ಎರಡಕ್ಕೆ ನಿಲ್ಲುವ ಬಾಯಿ ನನ್ನದಲ್ಲವೆಂಬುದು ಸಂಪಾದಕರಿಗೂ ಗೊತ್ತು.

ಅಜ್ಜಿಯವರ ಜನನ ಅಮೆರಿಕದ ಒಳನಾಡಿನಲ್ಲಿ, ಸಮುದ್ರದ ವಾಸನೆಯೂ ತಲುಪದ ಒಂದು ನದಿಯ ದಂಡೆಯಲ್ಲಿ. ಗಂಡಸರು ಎರಡನೆಯ ಮಹಾಯುದ್ಧಕ್ಕೆ ಹೋಗಿದ್ದರಿಂದ ಬೆಸುಗೆ ಹಾಕಿದವರಲ್ಲಿ ಹೆಂಗಸರೇ ಬಹಳ. ಹೊಳೆ ಕಿರಿದಾದ್ದರಿಂದ ಅಡ್ಡಡ್ಡಲಾಗಿ ನೀರಿಗೆ ದೂಡಿದರಂತೆ. ಟ್ಯಾಂಕು ಇಳಿಸುವ ಹಡಗು ಎಂಬರ್ಥದ ಎಲ್.ಎಸ್.ಟಿ. ಎಂಬ ಮೂರಕ್ಷರ ಮತ್ತು ಒಂದು ಸಂಖ್ಯೆ ಬಿಟ್ಟರೆ ಆಗ ಹೆಸರೂ ಇರಲಿಲ್ಲ. ನಮ್ಮ ಲೇಯ್ಟೆ ದ್ವೀಪದ ಮರಳಿನಲ್ಲಿ ಟ್ಯಾಂಕುಗಳನ್ನಿಳಿಸಿ, ಅವು ನಿಂತಿದ್ದ ಜಾಗದಲ್ಲೇ ಗಾಯಾಳುಗಳನ್ನು ಮಲಗಿಸಿಕೊಂಡು ಹಿಂದಿರುಗಿದ್ದು ಅವರ ಮೊದಲ ಸೇವೆ. ಬಹಳ ವರ್ಷಗಳ ಮೇಲೆ ನಮ್ಮವರಾದಾಗ ಆಗಲೇ ಮೈಯೆಲ್ಲ ತೇಪೆ. ಆಮೇಲೆ ಆ ಹೊಟ್ಟೆಯಲ್ಲಿ ಅಕ್ಕಿಮೂಟೆ, ಶಾಲೆಯ ಬೆಂಚು, ಚಂಡಮಾರುತದಲ್ಲಿ ಮನೆ ಕಳೆದುಕೊಂಡವರು, ಒಮ್ಮೆ ಒಬ್ಬ ಬಿಷಪ್ಪರೂ ಅವರ ಹಂದಿಗಳೂ ಪ್ರಯಾಣ ಮಾಡಿದ್ದುಂಟು.

ನಡಿಗೆ ಮಾತ್ರ ಬಸುರಿ ಎಮ್ಮೆಯದು. ಪಕ್ಕದಲ್ಲಿ ಹಾದುಹೋಗುವ ಗಸ್ತು ದೋಣಿಯ ಹುಡುಗರು, “ಏನ್ ಲೋಲಾ, ಇವತ್ತು ಹೊರಟ್ರೆ ಕ್ರಿಸ್‌ಮಸ್ಸಿಗಾದ್ರೂ ತಲುಪ್ತೀರಾ?” ಎಂದು ಕೂಗುತ್ತಿದ್ದರು. ಹಿಂಬದಿಯ ಲಂಗರಿನ ಯಜಮಾನ ನೊಯ್ ತಿಬೋ (ನಮಗೆಲ್ಲ ಅಣ್ಣನಾಗಿದ್ದವರು) ಬಾಯಿಂದ ಬೀಡಿ ತೆಗೆಯದೆಯೇ, “ತಲುಪ್ತೀವಿ ಕಣೋ. ನೀನು ಒಂದ್ಸಲ ದಡ ಮುಟ್ಟಿ ತೋರ್ಸು,” ಎನ್ನುತ್ತಿದ್ದರು.

ತಿಬೋ ಅವರ ಕೆಲಸ ಸಣ್ಣದಲ್ಲ. ದಡಕ್ಕೆ ನುಗ್ಗುವಾಗಲೇ ಹಿಂದೆ ಆಳದಲ್ಲಿ ಒಂದು ಲಂಗರು ಬಿಟ್ಟು, ಉಬ್ಬರ ಇಳಿಯುವ ಮೊದಲು ಅದರ ತಂತಿಹಗ್ಗವನ್ನು ಸುತ್ತುತ್ತ ಹಡಗನ್ನು ಹಿಂದಕ್ಕೆ ಎಳೆದುಕೊಳ್ಳಬೇಕು. ತಡವಾದರೆ ನೀರು ಹೋಗುತ್ತದೆ, ಹಡಗು ಒಣನೆಲದಲ್ಲಿ ಉಳಿಯುತ್ತದೆ. ತಾಲಿಬುಂಗ್ ದ್ವೀಪದ ಬೆಟ್ಟ ಬೆಂಕಿ ಕಾರಿದ ದಿನ ಆದದ್ದು ಅದೇ.

ದ್ವೀಪದ ಜನರೆಲ್ಲ ಕೋಳಿ, ಹಂದಿ, ಸಂತರ ಮೂರ್ತಿಗಳ ಸಮೇತ ಹತ್ತಿಯಾಗಿತ್ತು. ಲೋಲಾ ಪಾಸಿಂಗ್ ಎಂಬ ಮುದುಕಿ ಮಾತ್ರ ಹಡಗಿನ ಬಾಗಿಲಲ್ಲೇ ನಿಂತಿದ್ದಳು. ಹೆರಿಗೆ ನೋವು ಶುರುವಾದ ಮೊಮ್ಮಗಳನ್ನು ಮೇಲಿನ ಕೇರಿಯಿಂದ ಕೋಲಿಗೆ ಕಟ್ಟಿದ ಜೋಳಿಗೆಯಲ್ಲಿ ಹೊತ್ತು ತರುತ್ತಿದ್ದರು, ಇನ್ನೂ ಬಂದಿರಲಿಲ್ಲ.

“ಕಪ್ತಾನ್, ನೀರು ಇಳೀತಿದೆ,” ಎಂದರು ನೊಯ್ ತಿಬೋ.

“ನಂಗೂ ಕಣ್ಣಿದೆ ತಿಬೋ,” ಎಂದರು ಕಪ್ತಾನ್ ಮಗ್‌ಬಾನುವಾ.

ಮುದುಕಿ ಅಷ್ಟು ಕೇಳಿದವಳೇ ಗಂಟು ಎತ್ತಿಕೊಂಡಳು. “ನೀವು ಹೊರಡಿ ಮಗಾ. ಇಷ್ಟು ಜನಾನ ಸಾಯ್ಸಬೇಡಿ. ನಾನು ಇಳೀತೀನಿ, ಹುಡುಗಿ ಬಂದಾಗ ಯಾರಾದ್ರೂ ಇರ್ಬೇಕಲ್ಲ.”

ಕಪ್ತಾನರು ಅವಳ ಗಂಟನ್ನು ಕಿತ್ತುಕೊಂಡು ಒಳಗಿಟ್ಟರು. ಹೊರಡಲಿಲ್ಲ. ಜೋಳಿಗೆ ಬಂದಾಗ ಅಜ್ಜಿಯವರು ಮರಳಿನಲ್ಲಿ ಗಟ್ಟಿಯಾಗಿ ಕೂತಾಗಿತ್ತು. ಮುಂದಿನ ಉಬ್ಬರದವರೆಗೆ ಬೂದಿ ಸುರಿಯಿತು, ಬೆಟ್ಟ ಗುಡುಗಿತು, ಟ್ಯಾಂಕು ನಿಲ್ಲುವ ಜಾಗದಲ್ಲಿ ಹೆಣ್ಣುಮಗು ಹುಟ್ಟಿತು.

ನೀರು ಬಂತು, ಅಜ್ಜಿಯವರು ಏಳಲಿಲ್ಲ. ನಾನು ಭಾರ ಇಳಿಸಲು ಮುಂಭಾಗದ ನೀರಿನ ತೊಟ್ಟಿಗಳನ್ನೆಲ್ಲ ಬರಿದು ಮಾಡಿದೆ, ತಂತಿಹಗ್ಗ ಕಿರುಗುಟ್ಟಿತು, ಎಂಜಿನ್ನು ಹಿಂದಕ್ಕೆ ಒದ್ದಾಡಿತು. ಕೊನೆಗೆ ಕಪ್ತಾನರು ಜನರನ್ನೆಲ್ಲ ಮೇಲಿನ ಡೆಕ್ಕಿಗೆ ಕರೆಸಿ, ಹಡಗನ್ನು ಅಲುಗಾಡಿಸಲು ಎಡಕ್ಕೂ ಬಲಕ್ಕೂ ಒಟ್ಟಾಗಿ ಓಡಬೇಕೆಂದರು. ಯಾರಿಗೂ ಕಾಲೇಳಲಿಲ್ಲ. ಆಗ ಲೋಲಾ ಪಾಸಿಂಗ್, “ಫಿಯೆಸ್ತಾ ಹಬ್ಬದಲ್ಲಿ ಬೆಳಗಾಗೋವರೆಗೂ ಕುಣೀತೀರಿ, ಈಗ ಏನ್ ರೋಗ? ಓಡ್ರೋ!” ಎಂದು ಗದರಿದಳು. ಓಡಿದರು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ, ಮಕ್ಕಳು ನಗುತ್ತ, ಹಿರಿಯರು ಜಪ ಮಾಡುತ್ತ. ನನ್ನ ಕಾಲ ಕೆಳಗೆ ಕಬ್ಬಿಣ ನಿಟ್ಟುಸಿರಿಟ್ಟಂತಾಯಿತು, ಅಜ್ಜಿಯವರು ಮೆಲ್ಲಗೆ ಜಾರಿದರು. ಆ ಗಳಿಗೆಯಲ್ಲಿ ನಾನು ಪಂಪನ್ನು ತಬ್ಬಿಕೊಂಡು ಅತ್ತೆ, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಇಪ್ಪತ್ತೈದು ವರ್ಷಗಳ ಮೇಲೆ, ಹೋದ ತಿಂಗಳು, ನೌಕಾಪಡೆಯ ಹಳೆಯ ಹಡಗುಗಳ ವಿಲೇವಾರಿ ಸಮಿತಿಯ ಸಭೆ. ಗುಜರಿಯವರ ಕಡೆಯ ವಕೀಲರು ಚೆನ್ನಾಗಿ ಮಾತಾಡಿದರು. ತಾಲಿಬುಂಗಿನವರ ಬೇಡಿಕೆ ಬೇರೆ: ಬಿರುಗಾಳಿ ಬಂದಾಗಲೆಲ್ಲ ತಮ್ಮ ದೋಣಿಗಳು ಒಡೆಯುತ್ತವೆ, ಅಲೆಗೆ ಅಡ್ಡವಾಗಿ ಈ ಹಡಗನ್ನು ಕೊಲ್ಲಿಯ ಬಾಯಲ್ಲಿ ಕೂರಿಸಿ ಕೊಡಿ ಎಂದು. ಅವರ ಪರವಾಗಿ ಒಬ್ಬ ಬೆಸ್ತರ ಹೆಣ್ಣುಮಗಳು ಎದ್ದು ನಿಂತಳು. ಗುಮಾಸ್ತರು ಹೆಸರು ಕೇಳಿದರು.

“ಎಲೆಸ್ಟಿ.”

“ಹಡಗು ಎಲ್.ಎಸ್.ಟಿ. ಅಂತ ಗೊತ್ತಮ್ಮ. ನಿಮ್ಮ ಹೆಸರು ಹೇಳಿ.”

“ನನ್ನ ಹೆಸರೇ ಅದು ಸಾರ್. ಅದ್ರೊಳಗೇ ಹುಟ್ಟಿದ್ದಕ್ಕೆ ಮುತ್ತಜ್ಜಿ ಇಟ್ಟಿದ್ದು. ಆ ಹಡಗಿನ ಹಾಗೇ ದಪ್ಪ, ನಿಧಾನ ಅಂತ ಶಾಲೇಲಿ ಎಲ್ರೂ ಆಡ್ಕೊಳ್ಳೋರು. ಆಡ್ಕೊಳ್ಳಿ, ಪರ್ವಾಗಿಲ್ಲ. ನಮಗೋಸ್ಕರ ಕಾದದ್ದು ಅದೊಂದೇ. ಅದನ್ನ ಕತ್ತರಿಸಿದ್ರೆ ನಾನು ಈ ಹೆಸರು ಇಟ್ಕೊಂಡು ಹೇಗೆ ತಿರುಗ್ಲಿ?”

ಮುಂದಿನ ಸಾಲಿನಲ್ಲಿ ಮುದುಕರಾದ ಕಪ್ತಾನರು ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡಿದ್ದರು. ಸಮಿತಿ ಅಜ್ಜಿಯವರನ್ನು ತಾಲಿಬುಂಗಿಗೆ ಕೊಟ್ಟಿತು.

ಅಲ್ಲಿ ಕೂರಿಸುವುದೆಂದರೆ ಒಳಗೆ ನೀರು ಬಿಟ್ಟು ಮುಳುಗಿಸುವುದೇ. ವಾಲ್ವುಗಳು ತುಕ್ಕು ಹಿಡಿದಿವೆ, ಅವುಗಳ ಹಟ ಬಲ್ಲವನು ನಾನೊಬ್ಬನೇ ಉಳಿದಿರುವುದರಿಂದ ಆ ಕೆಲಸ ನನಗೇ ಬಂದಿದೆ. ಒಂದು ಹನಿ ನೀರು ಒಳಗೆ ಬಾರದಂತೆ ಅರ್ಧ ಆಯುಷ್ಯ ಕಾದ ಕೈ ಇದು. ಬರುವ ಭಾನುವಾರ ಇದೇ ಕೈ ಸಮುದ್ರವನ್ನು ಒಳಗೆ ಕರೆಯಬೇಕು. ಒಲ್ಲೆನೆನ್ನಲಾರೆ, ಒಲ್ಲೆನೆಂದರೆ ಅವರಿಗೆ ಗುಜರಿಯೇ ಗತಿ.

ಪೂಜ್ಯ ಕಲಿನಾವ್ ಅವರು ಆ ಕೊಲ್ಲಿಯಲ್ಲಿ ನೂರಾರು ಮಳೆಗಾಲ ಬಾಳಲಿ, ಅವರ ಬೆನ್ನು ಅಲೆಗಳಿಗೆ ಗಟ್ಟಿಯಾಗಿರಲಿ, ಅವರ ಮರೆಯಲ್ಲಿ ಎಲೆಸ್ಟಿಯ ದೋಣಿ ನೆಮ್ಮದಿಯಾಗಿ ಮಲಗಲಿ. ಭಾನುವಾರ ವಾಲ್ವಿಗೆ ಕೈ ಹಾಕುವ ಮುನ್ನ ಅವರಿಗೆ ಏನು ಹೇಳಲಿ ಎಂದು ಎಷ್ಟೋ ದಿನ ಯೋಚಿಸಿದೆ. ಇಷ್ಟೇ ಹೇಳುತ್ತೇನೆ: “ಲೋಲಾ, ಎಷ್ಟು ಜನಾನ ಹೊತ್ರಿ. ಇನ್ನು ಕೂತ್ಕೊಳ್ಳಿ.”