ಬ್ಲೈಂಡ್ ಆಡುವವಳ ಹತ್ತಿರ ಶೋ ಕೇಳಬಾರದು

ಹೋದ ವಾರ ನನ್ನ ಮದುವೆಯ ಮಾತುಕತೆಯೊಂದು ಮುರಿದುಬಿತ್ತು. ವರದಕ್ಷಿಣೆಗಲ್ಲ, ಜಾತಕಕ್ಕಲ್ಲ. ಮೂರು ಇಸ್ಪೀಟ್ ಎಲೆಗಳಿಗೆ.

(ಅಯ್ಯೋ ಪಾಪ ಅನ್ನಬೇಡಿ. ಮೊದಲು ಪೂರ್ತಿ ಓದಿ.)

ಪಂಚಮಿಗೆ ಅವ್ವನ ಜೊತೆ ಬಸವಕಲ್ಯಾಣದಿಂದ ಹುಮನಾಬಾದಿನ ಮಾಮಾನ ಮನೆಗೆ ಹೋಗಿದ್ದೆ. ಆ ಮನೆಯ ಪಂಚಮಿ ನಿಮಗೂ ಗೊತ್ತಿರುವಂಥದ್ದೇ. ಹೆಂಗಸರಿಗೆ ಹೊರಗೆ ಬೇವಿನ ಮರದ ಜೋಕಾಲಿ, ಗಂಡಸರಿಗೆ ಒಳಗೆ ಪಡಸಾಲೆಯಲ್ಲಿ ಇಸ್ಪೀಟ್. ವರ್ಷವಿಡೀ ಎಲೆ ಮುಟ್ಟದವರೂ ಅಂದು ಚಾಪೆ ಹಾಸಿ ಕೂರುತ್ತಾರೆ. ದುಡ್ಡಿಟ್ಟು ಆಡಬಾರದೆಂದು ಅಜ್ಜಿಯ ಕಟ್ಟಳೆ. ಹೀಗಾಗಿ ಪಣಕ್ಕೆ ಹುರಿದ ಶೇಂಗಾ. (ಮಾಮಾ ಆಟದ ನಡುವೆಯೇ ತಮ್ಮ ಬಂಡವಾಳ ತಿಂದುಬಿಡುತ್ತಾರೆ.)

ಈ ಸಲ ಚಾಪೆಯ ಮೇಲೆ ಒಬ್ಬ ಅತಿಥಿಯೂ ಇದ್ದರು. ಚಿಟಗುಪ್ಪದವರು, ಹುಡುಗನ ಕಾಕಾ. ನನ್ನನ್ನು ನೋಡಿ ಹೋಗಲು ಬಂದವರನ್ನು ಮಾಮಾ ಆಟಕ್ಕೆ ಕೂರಿಸಿಕೊಂಡಿದ್ದರು. ಹುಡುಗ ಒಳ್ಳೆಯವನೆಂದೇ ಕೇಳಿದ್ದೆ. ಇವರು ಹೂಂ ಅಂದರೆ ಮದುವೆ ನಿಕ್ಕಿ. ಕಡಿಮೆ ಮಾತಾಡು ಎಂದು ಅವ್ವ ಬಸ್ಸಿನಲ್ಲೇ ಎಚ್ಚರಿಸಿದ್ದಳು. ನಾನು ಮೊದಲೇ ಕಡಿಮೆ ಮಾತಿನವಳು. ಇನ್ನೆಷ್ಟು ಕಡಿಮೆ ಮಾಡಲಿ?

ಚಹಾ ತೆಗೆದುಕೊಂಡು ಹೋದಾಗ ಚಾಪೆಯ ಮೇಲೆ ತಕರಾರು ನಡೆದಿತ್ತು. ಆಟ ತೀನ್ ಪತ್ತಿ. ಒಬ್ಬೊಬ್ಬರಿಗೆ ಮೂರು ಎಲೆ, ಯಾರ ಮೂರು ದೊಡ್ಡವೋ ಅವರು ಗೆದ್ದಂತೆ. ಮಾಮಾನ ಕೈಯಲ್ಲಿ ನಾಲ್ಕು, ಐದು, ಆರು, ಬೇರೆ ಬೇರೆ ಜಾತಿಯವು. ಅದು ಸಿಕ್ವೆನ್ಸ್. ಅವರ ಮಗ ರಾಜುವಿನ ಕೈಯಲ್ಲಿ ಮೂರೂ ಆಟೀನ್, ಆದರೆ ಸಾಲು ಕೂಡಿಲ್ಲ. ಅದು ಕಲರ್. ಪುಣೆಯಲ್ಲಿ ಡಿಪ್ಲೊಮಾ ಓದುವ ರಾಜು ಸೈಬರ್ ಕೆಫೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಪೋಕರ್ ಕಲಿತು ಬಂದಿದ್ದ. ಅದರಲ್ಲಿ ಕಲರ್ ದೊಡ್ಡದು, ಸಿಕ್ವೆನ್ಸ್ ಸಣ್ಣದು ಎಂದು ಅವನ ವಾದ. ಕಂಪ್ಯೂಟರ್ ಹೇಳಿದೆ ಅಂದಮೇಲೆ ಮಾಮಾನಿಗೂ ತಮ್ಮ ಮೇಲೇ ಅನುಮಾನ. ಕೊನೆಗೆ ಅತಿಥಿ ಹಿರಿಯರಾಗಿ ತೀರ್ಪು ಕೊಟ್ಟರು. ಕಲರೇ ದೊಡ್ಡದಂತೆ. ಯಾಕೆಂದರೆ ನೋಡಲು ಛಂದ ಇದೆಯಂತೆ.

ಛಂದ! ಇದೇನು ಸೀರೆ ಅಂಗಡಿಯೇ?

ಟ್ರೇ ಕೆಳಗಿಟ್ಟು ಹೇಳಿದೆ. "ಮೂರೆಲಿ ಆಟದಾಗ ಸಿಕ್ವೆನ್ಸ್ ದೊಡ್ಡದ್ರಿ. ಐದೆಲಿ ಪೋಕರ್‌ನಾಗ ಕಲರ್ ದೊಡ್ಡದು."

ಕಾರಣವನ್ನೂ ಹೇಳಿದೆ. ಅಪರೂಪಕ್ಕೆ ಬೀಳುವುದು ಯಾವುದೋ ಅದೇ ದೊಡ್ಡದು. ಮೂರು ಎಲೆ ಸಾಲಾಗಿ ಬೀಳುವುದಕ್ಕಿಂತ ಒಂದೇ ಜಾತಿಯವು ಬೀಳುವುದು ಸುಲಭ. ಐದೆಲೆಗೆ ಬಂದರೆ ಲೆಕ್ಕ ಉಲ್ಟಾ. ಎರಡೂ ಆಟದ ನಿಯಮ ಸರಿಯೇ. ಒಂದರದ್ದನ್ನು ಇನ್ನೊಂದಕ್ಕೆ ಹಚ್ಚಿದ್ದು ತಪ್ಪು.

ಅತಿಥಿ ನನ್ನನ್ನು ಆಗ ಮೊದಲ ಸಲ ಸರಿಯಾಗಿ ನೋಡಿದರು. "ನಿನಗ ಇದೆಲ್ಲಾ ಹ್ಯಾಂಗ ಗೊತ್ತದವ್ವಾ?"

ನಾನು ಉತ್ತರಿಸುವ ಮೊದಲೇ ಬಾಗಿಲಿನಿಂದ ಅವ್ವ ಹೇಳಿದಳು. "ಕಾಲೇಜ್ ಪುಸ್ತಕದಾಗ ಓದ್ಯಾಳ್ರಿ. ಅಕಿಗಿ ಆಡಾಕ ಬರಂಗಿಲ್ಲ."

ಅರ್ಧ ಮಾತು ನಿಜ. ಪಿಯುಸಿ ಗಣಿತದಲ್ಲಿ ಸಂಭವನೀಯತೆ ಎಂಬ ಪಾಠವಿದೆ. ಲೆಕ್ಕಗಳೆಲ್ಲ ಇಸ್ಪೀಟಿನವೇ. ಕಟ್ಟಿನಲ್ಲಿ ರಾಜ ಎಷ್ಟು, ಕೆಂಪು ಎಷ್ಟು ಎಂದು ಹುಡುಗರಿಗೆ ಹುಟ್ಟುತ್ತಲೇ ಗೊತ್ತಿದ್ದಂತಿತ್ತು. ಕಟ್ಟನ್ನೇ ಕೈಯಲ್ಲಿ ಹಿಡಿಯದ ಹುಡುಗಿಯರು ಬಾಯಿಪಾಠ ಮಾಡುತ್ತಿದ್ದೆವು. ನೋಡದ ವಸ್ತುವಿನ ಲೆಕ್ಕ ಮಾಡಿ ಎನ್ನುವುದು ಎಲ್ಲಿಯ ನ್ಯಾಯ? ಗುಲ್ಬರ್ಗಾದಲ್ಲಿ ಎಂ.ಎಸ್ಸಿ. ಓದುವಾಗ ನಾನೇ ಒಂದು ಕಟ್ಟು ಕೊಂಡೆ. ಅಂಗಡಿಯವರು ಕೇಳದೆಯೇ ಅದನ್ನು ಪೇಪರಿನಲ್ಲಿ ಸುತ್ತಿ ಕೊಟ್ಟರು. ಹಾಸ್ಟೆಲಿನಲ್ಲಿ ಗೆಳತಿಯರ ಜೊತೆ ತೀನ್ ಪತ್ತಿ, ಪೋಕರ್ ಎರಡನ್ನೂ ಆಡಿ ಆಡಿ ಕಲಿತೆ.

ಈಗ ನಾನು ಸುಮ್ಮನೆ ಗೋಣು ಹಾಕಿದರೆ ಸಾಕಿತ್ತು. ಅವ್ವನ ಕಣ್ಣು ಅದನ್ನೇ ಬೇಡುತ್ತಿತ್ತು.

"ಬರ್ತದ್ರಿ," ಅಂದೆ. "ಆಡ್ತೀನಿ."

ಅತಿಥಿ ನಕ್ಕು, ಹಂಗಾದ್ರ ಕೂಡು, ನೋಡೇಬಿಡೋಣ ಅಂದರು. ಮಗುವಿಗೆ ಹೇಳುವ ಹಾಗೆ. ಕೂತೆ. ರಾಜು ಎಲೆ ಹಂಚಿದ.

ನಾನು ನನ್ನ ಎಲೆ ಎತ್ತಲೇ ಇಲ್ಲ. ಇದಕ್ಕೆ ಬ್ಲೈಂಡ್ ಅನ್ನುತ್ತಾರೆ. ನೋಡದೆ ಆಡುವವರು ಒಂದು ಪಾಲು ಇಟ್ಟರೆ, ನೋಡಿ ಆಡುವವರು ಎರಡು ಪಾಲು ಇಡಬೇಕು. ಮಾಮಾ, ರಾಜು ಬೇಗನೆ ಎಲೆ ಒಗೆದರು. ಉಳಿದದ್ದು ನಾನು, ಅತಿಥಿ. ಅವರು ತಮ್ಮ ಎಲೆ ನೋಡಿ ಮೀಸೆಯಲ್ಲೇ ನಕ್ಕಿದ್ದರು. ನಾನು ಒಂದು ಮುಷ್ಟಿ ಶೇಂಗಾ, ಅವರು ಎರಡು. ಮತ್ತೆ ನಾನು ಒಂದು, ಅವರು ಎರಡು. ಅವರ ಮುಂದಿನ ರಾಶಿ ಕರಗುತ್ತ ಬಂತು.

"ಸಾಕವ್ವಾ, ಶೋ ಮಾಡು."

"ನೀವು ಶೋ ಕೇಳಾಕ ಬರಂಗಿಲ್ರಿ ಕಾಕಾ. ನಾ ಇನ್ನಾ ಎಲಿ ನೋಡಿಲ್ಲ."

ನಿಯಮ ಹಾಗೇ ಇದೆ. ಎದುರಿನವರು ಬ್ಲೈಂಡ್ ಇದ್ದಾಗ, ನೋಡಿದವರು ಶೋ, ಅಂದರೆ ಇಬ್ಬರ ಎಲೆಯನ್ನೂ ತೆರೆದು ತೋರಿಸೆಂದು, ಕೇಳುವಂತಿಲ್ಲ. ಇಡುತ್ತಲೇ ಇರಬೇಕು, ಇಲ್ಲವೇ ಎಲೆ ಒಗೆಯಬೇಕು. ಅತಿಥಿ ಮಾಮಾನ ಕಡೆ ತಿರುಗಿದರು. ಮಾಮಾ ಶೇಂಗಾ ಅಗಿಯುತ್ತ, "ಖರೆ ಅದ್ರಿ," ಅಂದರು, "ಕಾಯ್ದೇನೇ ಹಂಗದ."

ಇನ್ನೊಂದು ಸಲ ಇಟ್ಟರು. ಆಮೇಲೆ ಒಗೆದರು. ಅಂಗಾತ ಬಿದ್ದ ಎಲೆಗಳಲ್ಲಿ ಎರಡು ರಾಣಿಯಿದ್ದವು. ಒಳ್ಳೆಯ ಜೋಡಿ. ನನ್ನವನ್ನು ರಾಜು ತಿರುವಿದ. ಎರಡು, ಏಳು, ಒಂಬತ್ತು. ಜೋಡಿಯಿಲ್ಲ, ಸಾಲಿಲ್ಲ, ಏನೂ ಇಲ್ಲ.

ಮಾಮಿ ಸೆರಗು ಬಾಯಿಗಿಟ್ಟುಕೊಂಡರೂ ನಗು ಹೊರಗೆ ಬಂತು. ಅತಿಥಿ ನಗಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಎದ್ದರು. (ಮಧ್ಯಾಹ್ನದಲ್ಲಿ ಚಿಟಗುಪ್ಪಕ್ಕೆ ಬಸ್ಸಿನ ಬರವೇ?)

ಆಮೇಲೆ ಅಲ್ಲಿಂದ ಮಾತು ಬಂತು. ಹುಡುಗಿ ಶಾಣ್ಯಾ ಇದ್ದಾಳೆ, ಆದರೆ ಇಸ್ಪೀಟ್ ಆಡುತ್ತಾಳೆ, ನಮ್ಮ ಮನೆಗೆ ಹೊಂದುವುದಿಲ್ಲ. ಹೇಳಿಕಳಿಸಿದವರು ಅದೇ ಚಾಪೆಯ ಮೇಲೆ ನನಗಿಂತ ಮೊದಲೇ ಕೂತಿದ್ದವರು. ಅವರು ಆಡಿದರೆ ಹಬ್ಬ, ನಾನು ಆಡಿದರೆ ನಡತೆ. ಅದೂ ಇರಲಿ. ಎರಡು ರಾಣಿ ನನ್ನ ಕೈಗೆ ಬಂದು, ನಾನು ಸೋತಿದ್ದರೆ? ಹೊಂದುತ್ತಿದ್ದೆನೇನೋ.

ಅವ್ವ ಇನ್ನೂ ನನ್ನ ಜೊತೆ ಮಾತಾಡುತ್ತಿಲ್ಲ. ಒಂದು ಸಲ ಗೋಣು ಹಾಕಿದ್ದರೆ ಮುಗಿಯುತ್ತಿತ್ತು ಎಂಬುದು ಅವಳ ಸಂಕಟ. ಮುಗಿಯುತ್ತಿರಲಿಲ್ಲ ಅವ್ವಾ, ಅಲ್ಲಿಂದ ಶುರುವಾಗುತ್ತಿತ್ತು. ಆಯುಷ್ಯವಿಡೀ ತಪ್ಪು ತೀರ್ಪು ಕೇಳುತ್ತ, ಚಹಾ ಕೊಡುತ್ತ, ಏನೂ ಗೊತ್ತಿಲ್ಲದವಳ ಹಾಗೆ ನಿಲ್ಲಬೇಕಿತ್ತು.

ಇನ್ನೊಂದು ಸಂಬಂಧ ಬರಲಿದೆಯಂತೆ. ಬರಲಿ. ಅಡಿಗೆ, ಹಾಡು, ಹೊಲಿಗೆ, ಏನೇನು ಬರುತ್ತದೆ ಎಂದು ಅವರು ಧಾರಾಳವಾಗಿ ಕೇಳಲಿ. ನನ್ನದು ಒಂದೇ ಪ್ರಶ್ನೆ: ನಿಮ್ಮ ಮನೆಯ ಗಂಡಸರಿಗೆ ಸೋಲಲು ಬರುತ್ತದೆಯೇ?